ಹಸಿರು ಮುಚ್ಚಳದ ಅಂಟು: ಪುಟ್ಟ ವಿಮಾನ ಕಟ್ಟೋರಿಗೆ ಇದೊಂದು ಸಾಕಾ?

ಟಮಿಯಾ ಕಂಪನಿಯ ಎಕ್ಸ್‌ಟ್ರಾ ಥಿನ್ ಸಿಮೆಂಟ್, ಅಂದರೆ ಪ್ಲಾಸ್ಟಿಕ್ ಮಾದರಿಗಳಿಗೆ ಹಚ್ಚುವ ತೆಳು ಅಂಟು. 40 ಮಿಲಿಯ ಗಾಜಿನ ಬಾಟಲಿ, ಹಸಿರು ಮುಚ್ಚಳ, ಮುಚ್ಚಳದ ಒಳಗೇ ಕೂತಿರುವ ಒಂದು ಸಣ್ಣ ಬ್ರಷ್. ಪ್ಲಾಸ್ಟಿಕ್ ವಿಮಾನ ಕಟ್ಟೋರ ಮೇಜಿನ ಮೇಲೆ ಇದು ಇಲ್ಲದಿರೋದೇ ಅಪರೂಪ. ಇಂಥದ್ದಕ್ಕೆ ಮತ್ತೊಂದು ವಿಮರ್ಶೆ ಯಾಕೆ ಅಂತ ಕೇಳಬಹುದು. ಯಾಕೆಂದರೆ "ಚೆನ್ನಾಗಿದೆ, ಕಣ್ಣು ಮುಚ್ಚಿ ತಗೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ, ಅದನ್ನ ಹಚ್ಚೋದು ಹೇಗೆ ಅಂತ ಹೇಳುವವರು ಕಡಿಮೆ. ನಾನು ಒಂದು ಫ್ಯೂಸೆಲಾಜ್ (ವಿಮಾನದ ಉದ್ದನೆಯ ಮೈ), ಒಂದು ಜೊತೆ ರೆಕ್ಕೆ, ಒಂದು ಕ್ಯಾನೋಪಿ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಕೆಡಿಸಿಕೊಂಡು ಕಲಿತಿದ್ದೇನೆ. ನೀವು ಅಷ್ಟು ಕೆಡಿಸಿಕೊಳ್ಳಬೇಕಾಗಿಲ್ಲ.

ಮೊದಲು ಅಳತೆಯ ಮಾತು, ಇಲ್ಲಾಂದ್ರೆ ಮುಂದಿನದ್ದು ಅರ್ಥವಾಗಲ್ಲ. ನಾನು ಕಟ್ಟೋದೆಲ್ಲ 1/72. ನಿಜವಾದ ವಿಮಾನದ ಆರು ಅಡಿ ಇಲ್ಲಿ ಒಂದು ಇಂಚು. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್ ಇದೆ, ಮಾದರಿಯಲ್ಲಿ ಅದು 15.6 ಸೆಂಟಿಮೀಟರ್. ಒಂದು ಗೇಣೂ ಆಗಲ್ಲ. ಇಲ್ಲಿನ 1 ಮಿಲಿಮೀಟರ್ ಅಲ್ಲಿ 7.2 ಸೆಂಟಿಮೀಟರ್. ಅಂದರೆ ಎರಡು ತುಂಡು ಸೇರುವ ಕಡೆ ಅಂಟು ಬರೀ ಅರ್ಧ ಮಿಲಿಮೀಟರ್ ಉಬ್ಬಿ ನಿಂತರೂ, ನಿಜವಾದ ವಿಮಾನದ ಬೆನ್ನ ಮೇಲೆ 3.6 ಸೆಂಟಿಮೀಟರ್ ಎತ್ತರದ ಒಂದು ಬದು ಹಾಕಿದ ಹಾಗೆ. ಆಮೇಲೆ ನೀವು ಕಾಕ್‌ಪಿಟ್ ಒಳಗೆ ಎಷ್ಟು ಗುಂಡಿ, ಎಷ್ಟು ಲಿವರ್ ಕೂರಿಸಿದರೂ ನೋಡುವವರ ಕಣ್ಣು ಹೋಗೋದು ಆ ಬದುವಿನ ಮೇಲೇ. ಅದಕ್ಕೇ ನಾನು ಹೇಳೋದು, ಸಣ್ಣ ಅಳತೆಯಲ್ಲಿ ಹಿತ್ತಾಳೆಯ ಡೀಟೇಲ್ ಸೆಟ್‌ಗಿಂತ (ಸೂಕ್ಷ್ಮ ಕೆಲಸಕ್ಕೆ ಬೇರೆಯಾಗಿ ಸಿಗುವ ಸಣ್ಣ ತುಂಡುಗಳು) ಮೊದಲು ಒಳ್ಳೆ ಅಂಟು ತಗೊಳ್ಳಿ.

ನಾನು ಶುರು ಮಾಡಿದ್ದು ಟ್ಯೂಬ್ ಅಂಟಿನಿಂದ. ಒತ್ತಿದರೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ, ಎತ್ತಿದರೆ ಜೇಡನ ಬಲೆ ತರ ಎಳೆ ಎಳೆಯಾಗಿ ಬಂದು ಗೊತ್ತಿಲ್ಲದ ಹಾಗೆ ರೆಕ್ಕೆಯ ಮೇಲೆಲ್ಲ ಕೂರುತ್ತದೆ. ದೊಡ್ಡ ಟ್ಯಾಂಕ್ ಮಾದರಿಗೆ ಪರವಾಗಿಲ್ಲ. ಗೇಣೂ ಇಲ್ಲದ ವಿಮಾನಕ್ಕೆ ಅದು ಆಗಿ ಬರಲ್ಲ.

ಈ ಹಸಿರು ಮುಚ್ಚಳದ ಬಾಟಲಿಯಲ್ಲಿರೋದು ನೀರಿನಷ್ಟು ತೆಳು. ಬ್ಯುಟೈಲ್ ಅಸಿಟೇಟ್ ಮತ್ತು ಅಸಿಟೋನ್, ಎರಡೂ ಗಾಳಿಗೆ ಆರಿ ಹೋಗುವ ದ್ರವಗಳು. ಕಿಟ್‌ನ (ಬಿಡಿ ತುಂಡುಗಳಾಗಿ ಬರುವ ಮಾದರಿಯ) ಪಾಲಿಸ್ಟೈರೀನ್ ಪ್ಲಾಸ್ಟಿಕ್ ಇದರಲ್ಲಿ ಕರಗುತ್ತದೆ. ಎರಡೂ ತುಂಡಿನ ಅಂಚು ಮೆತ್ತಗಾಗಿ, ಒಂದರೊಳಗೊಂದು ಬೆರೆತು, ದ್ರವ ಹಾರಿಹೋದ ಮೇಲೆ ಒಂದೇ ಪ್ಲಾಸ್ಟಿಕ್ ಆಗಿ ಗಟ್ಟಿಯಾಗುತ್ತದೆ. ಬೆಸುಗೆ ಅಂತಲೇ ಅನ್ನಿ. ಹಾಗಾಗಿ ಬಣ್ಣ ಬಳಿದ ಅಂಚಿಗೆ ಇದು ಸರಿಯಾಗಿ ಹಿಡಿಯಲ್ಲ, ಮೊದಲು ಬಣ್ಣ ಕೆರೆದು ಬರೀ ಪ್ಲಾಸ್ಟಿಕ್ ಕಾಣಿಸಬೇಕು. ಹಿತ್ತಾಳೆ, ರೆಸಿನ್, ತಾಮ್ರದ ತಂತಿ ಇದಕ್ಕೆ ಕರಗುವುದೇ ಇಲ್ಲ. ಅವಕ್ಕೆ ಸೂಪರ್ ಗ್ಲೂ ಬೇಕೇ ಬೇಕು. ಶೀರ್ಷಿಕೆಯ ಪ್ರಶ್ನೆಗೆ ಇಲ್ಲೇ ಉತ್ತರ ಸಿಕ್ಕಿತು: ಇದೊಂದೇ ಸಾಲದು. ಆದರೆ ಇದಿಲ್ಲದೆ ಕೈಯೇ ಆಡಲ್ಲ.

ಈಗ ಹಚ್ಚುವ ರೀತಿ. ಬೇರೆ ಅಂಟನ್ನ ಹಚ್ಚಿ ಆಮೇಲೆ ಜೋಡಿಸುತ್ತೀರಿ, ಇದನ್ನ ಜೋಡಿಸಿ ಆಮೇಲೆ ಹಚ್ಚಬೇಕು. ಫ್ಯೂಸೆಲಾಜ್‌ನ ಎರಡು ಭಾಗ ಸೇರಿಸಿ ಹಿಡಿದುಕೊಳ್ಳಿ. ಬ್ರಷ್‌ನ್ನ ಬಾಟಲಿಯ ಬಾಯಿಗೆ ಒಮ್ಮೆ ಒರೆಸಿ, ತುದಿಯನ್ನ ಸಂದಿಗೆ ಹಾಗೇ ಮುಟ್ಟಿಸಿ. ತಳ್ಳಬೇಡಿ, ಉಜ್ಜಬೇಡಿ. ಸಂದಿಯೇ ಅದನ್ನ ಎಳೆದುಕೊಳ್ಳುತ್ತದೆ. ಬಾಲದ ಹತ್ತಿರ ಮುಟ್ಟಿಸಿದರೆ ಒದ್ದೆ ಗೆರೆಯೊಂದು ಸರ್ರನೆ ಕಾಕ್‌ಪಿಟ್ ಕಡೆಗೆ ಓಡೋದು ಕಣ್ಣಿಗೇ ಕಾಣಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಅರ್ಧ ನಿಮಿಷ ಬಿಟ್ಟು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರೆ, ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಮೇಲೆ ಉಕ್ಕುತ್ತದೆ. ಅದೇ ಬೇಕಾದ್ದು. ಒಣಗಿದ ಮೇಲೆ ಅದನ್ನ ಉಜ್ಜಿ ತೆಗೆದರೆ ಪುಟ್ಟಿಯ ಹಂಗೇ ಇಲ್ಲದೆ ಸಂದಿ ಮಾಯ.

ಎಡವಟ್ಟಾಗುವುದೂ ಇಲ್ಲೇ. ಮೊದಲ ಸಲ ನನ್ನ ಹೆಬ್ಬೆರಳು ಸಂದಿಯ ಮೇಲೇ ಇತ್ತು. ದ್ರವ ಓಡಿ ಬಂದು ಬೆರಳಿನ ಕೆಳಗೂ ನುಗ್ಗಿತು. ಎತ್ತಿ ನೋಡಿದರೆ ಎಂಜಿನ್ ಕೌಲಿಂಗ್ (ಎಂಜಿನ್ನಿನ ಹೊರ ಹೊದಿಕೆ) ಮೇಲೆ ನನ್ನ ಬೆರಳಚ್ಚು, ಗೆರೆ ಗೆರೆಯಾಗಿ, ಪೊಲೀಸರಿಗೆ ಕೊಡಬಹುದಾದಷ್ಟು ಸ್ಪಷ್ಟ. ಸರಿ, ಬೆರಳು ಬೇಡ ಅಂತ ಮುಂದಿನ ಸಲ ಮಾಸ್ಕಿಂಗ್ ಟೇಪ್ ಸುತ್ತಿ ಹಚ್ಚಿದೆ. ದ್ರವ ಟೇಪಿನ ಕೆಳಗೂ ಹೊಕ್ಕಿತು. ಸಂದಿ ಎಲ್ಲೆಲ್ಲಿ ಕಂಡರೂ ಅದು ನುಗ್ಗುತ್ತದೆ, ನಿಮ್ಮ ಬೆರಳು, ಟೇಪು, ಕ್ಲಿಪ್ಪು ಅಂತ ಭೇದವಿಲ್ಲ. ಟೇಪ್ ಸುತ್ತುವುದಾದರೆ ಅಂಟು ಮುಟ್ಟಿಸುವ ಜಾಗದಿಂದ ಒಂದು ಸೆಂಟಿಮೀಟರ್ ಆಚೆ ಸುತ್ತಿ. ಅಷ್ಟು ದೂರದವರೆಗೆ ಹಿಡಿದುಕೊಂಡ ಮೇಲೆ ಟೇಪ್ ಬಿಚ್ಚಿ ಉಳಿದ ಕಡೆ ಮುಟ್ಟಿಸಿ. ಕೈ ತಲುಪುವ ಕಡೆ ಒಳಗಿನಿಂದಲೇ ಹಚ್ಚೋದು ಇನ್ನೂ ಒಳ್ಳೆಯದು.

ಇನ್ನೊಂದು ತಪ್ಪು ಅವಸರದ್ದು. ಅರ್ಧ ಗಂಟೆಯಲ್ಲಿ ಸಂದಿ ಗಟ್ಟಿಯಾದ ಹಾಗೆ ಅನಿಸುತ್ತದೆ, ಆದರೆ ಒಳಗೆ ದ್ರವ ಇನ್ನೂ ಪೂರ್ತಿ ಹಾರಿರಲ್ಲ. ಆಗಲೇ ಉಜ್ಜಿ ನುಣ್ಣಗೆ ಮಾಡಿ, ಪ್ರೈಮರ್ ಹೊಡೆದು, ಬಣ್ಣ ಬಳಿದು, "ಆಹಾ" ಅಂತ ಕೂತರೆ, ವಾರ ಬಿಟ್ಟು ನೋಡುವಾಗ ಬಣ್ಣದ ಕೆಳಗಿಂದ ಸಂದಿ ಮತ್ತೆ ತಣ್ಣಗೆ ಇಣುಕಿರುತ್ತದೆ. ಉಳಿದ ದ್ರವ ಹಾರುತ್ತಾ ಹಾರುತ್ತಾ ಪ್ಲಾಸ್ಟಿಕ್ ಕುಗ್ಗಿ ಗೆರೆ ಬಿದ್ದಿರುತ್ತದೆ. ಸ್ಪಿಟ್‌ಫೈರ್‌ನ ಮೂಗಿನ ಮೇಲೆ, ಎಂಜಿನ್ನಿನ ನಟ್ಟನಡುವೆ, ನಿಜವಾದ ವಿಮಾನದಲ್ಲಿ ಅಂಥ ಗೆರೆಯೇ ಇಲ್ಲ. ಗೊತ್ತಿದ್ದವರಿಗೆ ಮೊದಲು ಕಾಣೋದೇ ಅದು. ಒಂದು ದಿನ ಕಾಯಿರಿ. ಬೆಳ್ಳಿ ಬಣ್ಣದ ವಿಮಾನವಾದರೆ ಎರಡು ದಿನ. ಆ ಬಣ್ಣದ ಮುಂದೆ ಏನನ್ನೂ ಮುಚ್ಚಿಡೋಕಾಗಲ್ಲ.

ರೆಕ್ಕೆ ಕೆಡಿಸಿದ ಕಥೆ ಚಿಕ್ಕದು. ಸಣ್ಣ ಅಳತೆಯ ಕಿಟ್‌ಗಳಲ್ಲಿ ರೆಕ್ಕೆಯ ಹಿಂದಿನ ಅಂಚು ದಪ್ಪ ಬರುತ್ತದೆ. ಅದಕ್ಕೆ ಮೇಲಿನ, ಕೆಳಗಿನ ತುಂಡುಗಳನ್ನ ಒಳಗಿನಿಂದ ಕೆರೆದು ಚಾಕುವಿನ ಅಲಗಿನಂತೆ ಮಾಡುತ್ತೇವೆ. ಅಷ್ಟು ತೆಳ್ಳಗಾದ ಅಂಚಿಗೆ ನಾನು ಬ್ರಷ್ ತುಂಬಾ ಅಂಟು ಬಿಟ್ಟೆ. ಬೆಳಗ್ಗೆ ನೋಡಿದರೆ ಅಂಚು ಒಣಗಿದ ಎಲೆಯಂತೆ ಸುರುಟಿಕೊಂಡಿತ್ತು. ಈಗ ಅಂಥ ಕಡೆ ಬಾಟಲಿಯ ಬ್ರಷ್ ಮುಟ್ಟಲ್ಲ. ಚಿತ್ರ ಬಿಡಿಸುವ 000 ನಂಬರ್ ಬ್ರಷ್ ಅದ್ದಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೇ.

ಮಧ್ಯೆ ಒಂದು ಮಾತು, ಅಂಟಿನ ವಿಷಯವೇ. ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಇಂಗ್ಲೆಂಡಿನ ಫ್ರಾಗ್ ಕಂಪನಿ 'ಪೆಂಗ್ವಿನ್' ಹೆಸರಲ್ಲಿ 1/72 ಅಳತೆಯ ಪ್ಲಾಸ್ಟಿಕ್ ವಿಮಾನದ ಕಿಟ್ ತಂದದ್ದೂ ಅದೇ ವರ್ಷ. ಅದು ಪಾಲಿಸ್ಟೈರೀನ್ ಅಲ್ಲ, ಸೆಲ್ಯುಲೋಸ್ ಅಸಿಟೇಟ್. ಇನ್ನು ನಿಜವಾದ ಸ್ಪಿಟ್‌ಫೈರ್‌ನವರಿಗೂ ಅಂಟಿನ ಕೆಲಸ ಬಿದ್ದಿತ್ತು. ಲೋಹದ ಹಾಳೆಗಳನ್ನ ಹಿಡಿದಿಡುವ ರಿವೆಟ್‌ನ ತಲೆ ಮೈಯೊಳಗೆ ಮುಳುಗಿರಬೇಕೋ, ಉಬ್ಬಿದ್ದರೂ ನಡೆಯುತ್ತದೋ ಅಂತ ನೋಡೋಕೆ, ಸಪಾಟಾದ ರಿವೆಟ್‌ಗಳ ಮೇಲೆ ಒಡೆದ ಬಟಾಣಿ ಕಾಳು ಒಂದೊಂದಾಗಿ ಅಂಟಿಸಿ ಹಾರಿಸಿದರಂತೆ. ವೇಗ ಇಳಿಯಿತು. ಆಮೇಲೆ ಒಂದೊಂದೇ ಸಾಲು ಕಿತ್ತು, ಎಲ್ಲಿಯ ಉಬ್ಬು ಎಷ್ಟು ತೊಂದರೆ ಕೊಡುತ್ತದೆ ಅಂತ ಲೆಕ್ಕ ಹಾಕಿದರು. ರೆಕ್ಕೆಗೆ ಸಪಾಟು ರಿವೆಟ್ಟೇ ಕಾಯಂ ಆಯಿತು. ಹಾಗಿರುವಾಗ ಕೆಲವು ಹಳೇ ಅಚ್ಚಿನ ಕಿಟ್‌ಗಳಲ್ಲಿ ರೆಕ್ಕೆ ತುಂಬಾ ರಾಗಿ ಚೆಲ್ಲಿದ ಹಾಗೆ ಉಬ್ಬಿದ ರಿವೆಟ್ ಇರುತ್ತವಲ್ಲ, ಸುಮ್ನೆ ಉಜ್ಜಿ ಹಾಕಿ. ಒಂದು ಸೆಂಟಿಮೀಟರ್ ಅಗಲದ ರಿವೆಟ್ ಈ ಅಳತೆಯಲ್ಲಿ 0.14 ಮಿಲಿಮೀಟರ್. ಬಣ್ಣ ಬಿದ್ದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಡೀಟೇಲ್ ಕೆಲಸಕ್ಕೆ ಬರೋಣ. ಸೀಟ್ ಬೆಲ್ಟ್‌ಗೆ ಈ ಅಂಟು ಬೇಡವೇ ಬೇಡ. ಮಾಸ್ಕಿಂಗ್ ಟೇಪನ್ನ ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ 0.7 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಅದು 5 ಸೆಂಟಿಮೀಟರ್ ಬೆಲ್ಟಿನ ಲೆಕ್ಕಕ್ಕೆ ಬಂತು. ತನ್ನದೇ ಅಂಟಿನಲ್ಲಿ ಸೀಟಿಗೆ ಕೂರುತ್ತದೆ, ಸೀಟಿನ ಅಂಚಿನಲ್ಲಿ ಬಟ್ಟೆಯಂತೆ ಬಾಗುತ್ತದೆ. ಹಿತ್ತಾಳೆಯ ಬೆಲ್ಟಿಗಿಂತ ನನಗೆ ಇದೇ ಇಷ್ಟ. ಕಾಕ್‌ಪಿಟ್ ಒಳಗಿನ ಲಿವರ್‌ಗಳಿಗೆ ಮಾತ್ರ ಈ ಬಾಟಲಿಯೇ ಸರಿ. ಸ್ಪ್ರೂ, ಅಂದರೆ ಕಿಟ್‌ನ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು, ಅದರ ಒಂದು ಕಡ್ಡಿಯನ್ನ ಮೇಣದಬತ್ತಿಯ ಜ್ವಾಲೆಗಿಂತ ಸ್ವಲ್ಪ ಮೇಲೆ ತಿರುಗಿಸುತ್ತಾ ಕಾಯಿಸಿ, ಹೊಳೆದು ಜೋತು ಬೀಳುವ ಹೊತ್ತಿಗೆ ಆಚೆ ತೆಗೆದು ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಬೇಗ ಎಳೆದರೆ ಸಣ್ಣ ಎಳೆ, ನಿಧಾನಕ್ಕೆ ಎಳೆದರೆ ದಪ್ಪ. ಇದನ್ನ ಮಾಡುವಾಗ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಬಾಟಲಿ ಬೇರೆ ಮೇಜಿನ ಮೇಲಿರಲಿ. ಇದು ಬೆಂಕಿ ಹತ್ತುವ ಸಾಮಾನು, ತಮಾಷೆ ಅಲ್ಲ. ಕಿಟಕಿಯೂ ತೆರೆದಿರಲಿ.

ಆ ಎಳೆಯನ್ನೇ ರೇಡಿಯೊದ ಏರಿಯಲ್ ತಂತಿಗೂ ಹಾಕಬಹುದು. ಕಂಬದಿಂದ ಬಾಲದವರೆಗೆ ಎಳೆದು, ಇನ್ನೇನು ಮುಗಿಯಿತು ಅಂದುಕೊಂಡು ಈ ಅಂಟಿನ ಬ್ರಷ್ ಮುಟ್ಟಿಸಿದೆ ನೋಡಿ, ತಂತಿಯೇ ಇಲ್ಲ! ಅಷ್ಟು ಸಣ್ಣ ಎಳೆಯನ್ನ ಅದು ಒಂದೇ ಗುಟುಕಿಗೆ ಕರಗಿಸಿಬಿಟ್ಟಿತ್ತು. ತುದಿಗೆ ಸೂಜಿ ಮೊನೆಯಷ್ಟು ಸೂಪರ್ ಗ್ಲೂ ಅಥವಾ ಬಿಳಿ ಪಿವಿಎ ಅಂಟು (ಫೆವಿಕಾಲ್ ತರದ್ದು) ಹಾಕಬೇಕು. ಒಣಗಿದ ಮೇಲೆ, ಆಗಷ್ಟೇ ಆರಿಸಿದ ಊದುಬತ್ತಿಯ ಬಿಸಿ ತುದಿಯನ್ನ ದೂರದಿಂದ ತೋರಿಸಿದರೆ ಎಳೆ ತಾನಾಗಿ ಬಿಗಿಯಾಗುತ್ತದೆ. ದೂರದಿಂದ, ಮುಟ್ಟಿಸಬೇಡಿ.

ಕ್ಯಾನೋಪಿಗೆ ಬಂದರೆ, ಇದು ಬೇಡ. ಸೂಪರ್ ಗ್ಲೂ ಅಂತೂ ಮೊದಲೇ ಬೇಡ, ಅದರ ಆವಿಗೆ ಗಾಜು ಒಳಗಿನಿಂದ ಬೆಳ್ಳಗೆ ಮಂಜಾಗುತ್ತದೆ. ಈ ತೆಳು ಅಂಟಿನಲ್ಲಿ ಆ ಕಾಟ ಇಲ್ಲ ಅಂತ ನಾನು ಧೈರ್ಯ ಮಾಡಿದೆ. ದ್ರವ ಗಾಜಿನ ಅಂಚಿನ ಕೆಳಗೆ ಓಡಿ ಮುಂದಿನ ಗಾಜಿನ ಒಳಮೈಗೆ ಹತ್ತಿ, ಕಣ್ಣೀರು ಸುರಿದ ಗುರುತು ಬಿಟ್ಟಿತು. ಒಳಗೆ ಮೂರು ಸಂಜೆ ಕೂತು ಮಾಡಿದ ಕಾಕ್‌ಪಿಟ್ ಇತ್ತು. ಈಗ ಪಿವಿಎ ಒಂದೇ. ನೀರಿಗೆ ಒರೆಸಿಹೋಗುತ್ತದೆ, ಒಣಗಿದರೆ ಕಾಣಿಸಲ್ಲ, ಅಲ್ಲಲ್ಲಿ ಸಣ್ಣ ಸಂದಿ ಇದ್ದರೆ ಅದನ್ನೂ ತುಂಬುತ್ತದೆ.

ಇದೇ ಕಂಪನಿಯ ಬಿಳಿ ಮುಚ್ಚಳದ ಸಿಮೆಂಟ್ ಸ್ವಲ್ಪ ಮಂದ, ನಿಧಾನಕ್ಕೆ ಒಣಗುತ್ತದೆ. ಸ್ಪಿಟ್‌ಫೈರ್‌ನ ಕೆಳಗಿನ ರೆಕ್ಕೆ ಕೂರಿಸುವಾಗ, ಎರಡೂ ಕಡೆ ಮೇಲ್ಮುಖ ಓರೆ ಸಮ ಇದೆಯಾ ಅಂತ ಮುಂದಿನಿಂದ ನೋಡಿ ಅಲುಗಿಸಲು ಸಮಯ ಬೇಕು ಅಲ್ವಾ, ಆಗ ನಾನು ಅದನ್ನೇ ಹಚ್ಚುತ್ತೇನೆ, ಆಮೇಲೆ ಹೊರಗಿನಿಂದ ಹಸಿರು ಬಾಟಲಿ. ಕ್ವಿಕ್ ಸೆಟ್ಟಿಂಗ್ ಅಂತ ಇನ್ನೊಂದು ಇದೆ, ಇನ್ನೂ ಬೇಗ ಹಾರಿಹೋಗುತ್ತದೆ. ಚಕ್ರದ ಬಾಗಿಲು, ವೇಗ ಅಳೆಯುವ ಪಿಟೋ ಕಡ್ಡಿಯಂಥ ಸಣ್ಣ ತುಂಡಿಗೆ ಅನುಕೂಲ. ಎರಡು ಬಾಟಲಿ ಸಾಕು ಅನ್ನೋರು ಬಿಳಿ, ಹಸಿರು ತಗೊಳ್ಳಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದದ್ದು ಬ್ರಷ್‌ಗೆ. ಇನ್ನೂ ದೊಡ್ಡ ಅಳತೆಯ 1/48 ಕಟ್ಟುವವರಿಗೆ ಅದು ಹೊಂದುತ್ತದೆ, 1/72ರ ಸಣ್ಣ ಕೆಲಸಕ್ಕೆ ನನ್ನ ಕೈಗೆ ಸ್ವಲ್ಪ ದೊಡ್ಡದಾಯಿತು. ಬಾಟಲಿ ಉರುಳಿಸಿದ್ದಕ್ಕೆ ಅಂಕ ಕಡಿದಿಲ್ಲ, ಅದು ನನ್ನ ಮೊಣಕೈ ಮಾಡಿದ್ದು. ಈಗ ದಪ್ಪ ಸ್ಪಂಜಿನ ತುಂಡೊಂದರ ನಡುವೆ ಚೌಕಾಕಾರದ ತೂತು ಕೊರೆದು ಬಾಟಲಿಯನ್ನ ಅದರಲ್ಲಿ ಕೂರಿಸಿದ್ದೇನೆ.

ಹಾಂ, ಬಾಟಲಿಯಲ್ಲಿ ತಳ ಕಾಣುವಷ್ಟು ಉಳಿದಾಗ ಎಸೆಯಬೇಡಿ. ಕಟ್ಟುತ್ತಿರುವ ಕಿಟ್‌ನದೇ ಸ್ಪ್ರೂ ಸಣ್ಣ ಸಣ್ಣ ಚೂರು ಮಾಡಿ ಅದರಲ್ಲಿ ಹಾಕಿ, ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಗಂಜಿಯಂತೆ ಆಗಿರುತ್ತದೆ. ತೆಳುವಾದರೆ ಇನ್ನೆರಡು ಚೂರು. ರೆಕ್ಕೆ ಮೈಗೆ ಸೇರುವ ಕಡೆ ಬಾಯಿ ಬಿಟ್ಟ ಸಂದಿಗೆ ಇದನ್ನ ಕಡ್ಡಿಯಿಂದ ತುಂಬಿ. ಮೆತ್ತಗಿನ ಪುಟ್ಟಿಯ ಮೇಲೆ ಪ್ಯಾನಲ್ ಲೈನ್ (ಲೋಹದ ಹಾಳೆಗಳು ಸೇರುವ ಗೆರೆ) ಕೊರೆದರೆ ಅದು ಉದುರುತ್ತದೆ. ಇದು ಅದೇ ಪ್ಲಾಸ್ಟಿಕ್ ಆಗಿರೋದರಿಂದ ಸೂಜಿ ಸಲೀಸಾಗಿ ಹೋಗುತ್ತದೆ. ಒಣಗುವಾಗ ಕುಗ್ಗುತ್ತದೆ, ಅದಕ್ಕೆ ಸ್ವಲ್ಪ ಉಬ್ಬಿಸಿಯೇ ತುಂಬಿ, ಎರಡು ದಿನ ಮುಟ್ಟಬೇಡಿ. ನನ್ನ ಮೇಜಿನ ಮೇಲೆ ಈಗ ಒಂದು ಹಳೇ ಅಚ್ಚಿನ ಸ್ಪಿಟ್‌ಫೈರ್ ಹಾಗೇ ಕೂತಿದೆ, ಎರಡೂ ರೆಕ್ಕೆಯ ಬುಡದಲ್ಲಿ ಬೂದು ಗಂಜಿ ಮೆತ್ತಿಕೊಂಡು. ನಾಳೆ ಸಂಜೆಗೆ ಎರಡು ದಿನ ಆಗುತ್ತದೆ.