ಉದ್ಯಮಬಾಗದಲ್ಲಿ ಮಾಡಿಸಿದ ಸ್ಟೀಲಿನ ಬಂಡೆ

ಬೆಳಗಾವಿಯ ಉದ್ಯಮಬಾಗದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ, ನಮ್ಮ ಮನೆಯಂಗಳಕ್ಕೆಂದು, ಸೊಂಟದೆತ್ತರದ ಸ್ಟೇನ್‌ಲೆಸ್ ಸ್ಟೀಲಿನ ಬಂಡೆಯೊಂದನ್ನು ಮಾಡಿಸಿದೆ. ಗೇಟು, ಗ್ರಿಲ್ಲು, ಹೋಟೆಲುಗಳ ಅಡುಗೆಕಟ್ಟೆ ಮಾಡಿ ಪಳಗಿದ ಕೈಗಳಿಗೆ ಈ ಕೆಲಸ ಹೊಸದು. ಆದ್ದರಿಂದ ನಾನು ಕೇಳಿದ್ದೇನು, ಅವರು ಕೊಟ್ಟದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ನನ್ನ ಮನಸ್ಸಿನಲ್ಲಿದ್ದದ್ದು ಬೀಜಿಂಗಿನ ಶಿಲ್ಪಿ ಝಾನ್ ವಾಂಗ್ 1995ರಿಂದ ಮಾಡುತ್ತ ಬಂದಿರುವ ಬಂಡೆಗಳು. ಚೀನಾದ ಹಳೆಯ ತೋಟಗಳಲ್ಲಿ, ಅದರಲ್ಲೂ ಸುಝೌ ಕಡೆ, ತಾಯ್‌ಹು ಸರೋವರದ ನೀರು ಕೊರೆದ ಸುಣ್ಣಕಲ್ಲುಗಳನ್ನು ಬೆಟ್ಟದ ಬದಲಿಗೆಂದು ನಿಲ್ಲಿಸುತ್ತಿದ್ದರು. ಒಳ್ಳೆಯ ಕಲ್ಲಿಗೆ ನಾಲ್ಕು ಲಕ್ಷಣ: ಸಪೂರವಾಗಿರಬೇಕು, ಬೆಳಕು ಹಾಯ್ದುಹೋಗಬೇಕು, ತೂತುಗಳಿರಬೇಕು, ಮೈ ಸುಕ್ಕುಗಟ್ಟಿರಬೇಕು. ಸಾಂಗ್ ರಾಜವಂಶದ ಕಾಲದ ಅಕ್ಷರಕಲಾವಿದ ಮಿ ಫು ಇಂಥದೊಂದು ಕಲ್ಲಿಗೆ ನಮಸ್ಕರಿಸಿ ‘ಅಣ್ಣ’ ಎಂದು ಕರೆದನಂತೆ. ಕಲ್ಲು ಕಂಡಲ್ಲಿ ಕುಂಕುಮ ಹಚ್ಚುವ ನಮಗೆ ಇದೇನೂ ವಿಚಿತ್ರವಲ್ಲ. ಆದರೆ ಹೊಸ ಬೀಜಿಂಗಿನ ಗಾಜಿನ ಕಟ್ಟಡಗಳ ಮುಂದೆ ಇದೇ ಕಲ್ಲುಗಳು ಹೊಂದಿಕೆಯಾಗದೆ ನಿಂತದ್ದನ್ನು ಕಂಡ ಝಾನ್ ವಾಂಗ್, ನಿಜವಾದ ಬಂಡೆಗೆ ಸ್ಟೀಲಿನ ತಗಡು ಹೊದಿಸಿ, ಅದರ ಕುಳಿ ಮಡಿಕೆಗಳೆಲ್ಲ ಮೂಡುವಂತೆ ಬಡಿದು, ಆ ತುಂಡುಗಳನ್ನು ಬಿಡಿಸಿಕೊಂಡು ಬೆಸೆದು, ಕನ್ನಡಿಯಂತೆ ಹೊಳಪೇರಿಸಿದರು. ಹೆಸರು ‘ಜಿಯಾಶಾನ್‌ಶಿ’, ಅಂದರೆ ಸುಳ್ಳು ಬೆಟ್ಟದ ಕಲ್ಲು. ಮುಂದೆ ಸ್ಟೀಲಿನ ಪಾತ್ರೆ, ತಟ್ಟೆ, ಚಮಚಗಳಿಂದ ಇಡೀ ನಗರಗಳನ್ನೇ ಜೋಡಿಸಿದರು. ನಮ್ಮ ಖಡೇಬಜಾರದ ಭಾಂಡೆ ಅಂಗಡಿಗಳ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಅಚ್ಚಿಗೆಂದು ನಾನು ಮೊದಲು ಒಯ್ದದ್ದು ತೂತುತೂತಾದ ಜಂಬಿಟ್ಟಿಗೆ ಕಲ್ಲು. ಮಿಸ್ತ್ರಿ ಅದನ್ನು ಉಗುರಿನಿಂದ ಕೆರೆದು ನೋಡಿ, ನಾಲ್ಕು ಪೆಟ್ಟಿಗೆ ಪುಡಿಯಾಗುತ್ತದೆಂದು ತಿರಸ್ಕರಿಸಿದರು. ಕೊನೆಗೆ ಹೊಲದ ಬದುವಿನಲ್ಲಿದ್ದ ಕರಿಕಲ್ಲು ಬಂತು. ದರ ಕಿಲೋ ಲೆಕ್ಕ, ಬಫಿಂಗಿಗೆ, ಅಂದರೆ ಮಷೀನಿನಲ್ಲಿ ಉಜ್ಜಿ ಹೊಳಪೇರಿಸುವುದಕ್ಕೆ, ಬೇರೆ. ಶಿಲ್ಪವನ್ನು ತೂಕಕ್ಕೆ ಕೊಂಡ ಅನುಭವ ನನಗೆ ಇದೇ ಮೊದಲು. ತಗಡು ಬಡಿಯುವ ಕೆಲಸ ಮಾತ್ರ ಅಚ್ಚುಕಟ್ಟು: ಬಡಿದಷ್ಟೂ ಸ್ಟೀಲು ಬಿರುಸಾಗುವುದರಿಂದ ಆಗಾಗ ಕಾಯಿಸಿ, ಕಲ್ಲಿನ ಒಂದು ಬೆರಳಗಲದ ಸೀಳನ್ನು ಕೂಡ ಹಾಗೆಯೇ ಎತ್ತಿಕೊಂಡಿದ್ದಾರೆ. ಆರ್ಗಾನ್ ವೆಲ್ಡಿಂಗಿನ ಜೋಡಣೆ ಮುಂಭಾಗದಲ್ಲಿ ಎಲ್ಲಿದೆಯೆಂದು ಹುಡುಕಿದರೂ ಸಿಗುವುದಿಲ್ಲ.

ಕೆಟ್ಟದ್ದು ಬಫಿಂಗಿನಲ್ಲಿ. ಎರಡು ದಿನ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಎಡಮಗ್ಗುಲಿನ ಸಣ್ಣ ಸುಕ್ಕುಗಳೆಲ್ಲ ಉಜ್ಜಿಹೋಗಿ, ಅಲ್ಲಿ ಬಂಡೆಯು ಮಗುಚಿಟ್ಟ ಕೊಳಗದಂತೆ ನುಣ್ಣಗಾಗಿತ್ತು. “ಇಷ್ಟ ಸುಕ್ಕ ಬಿಟ್ರ ಗಿರಾಕಿ ಮಾಲ ವಾಪಸ್ ಕಳಸ್ತಾರ್ರಿ ಸರ” ಎಂದರು ಮಿಸ್ತ್ರಿ. ಅವರ ಮಟ್ಟಿಗೆ ಅದು ನಿಜ. ಆದರೆ ನಾಲ್ಕರಲ್ಲಿ ಒಂದು ಲಕ್ಷಣ ಅರ್ಧ ಹೋಯಿತು. ತೂತುಗಳಂತೂ ಕರಿಕಲ್ಲಿನಲ್ಲಿ ಮೊದಲೇ ಇರಲಿಲ್ಲ.

ಹಾಗಿದ್ದರೂ ಅಂಗಳದಲ್ಲಿ ನಿಲ್ಲಿಸಿದ ಮೇಲೆ ನನ್ನ ಸಿಟ್ಟು ಇಳಿಯಿತು. ಸುಕ್ಕುಳಿದ ಬಲಮಗ್ಗುಲಿನಲ್ಲಿ ಎದುರು ಮನೆಯ ನಾಲ್ಕನೆಯ ಸ್ಲ್ಯಾಬು, ಸೆಂಟ್ರಿಂಗಿನ ಕಂಬಗಳು, ಕೇಬಲ್ಲಿನ ಸಿಂಬಿಗಳು ಚೂರುಚೂರಾಗಿ ಬಾಗಿ ನೀರಿನಲ್ಲಿ ಕಂಡಂತೆ ಕಾಣುತ್ತವೆ. ನುಣುಪಾದ ಎಡಕ್ಕೆ ಹೋದರೆ ಅದೇ ಕಟ್ಟಡ ಬರೀ ಉಬ್ಬಿ ನಿಂತಿದೆ, ಜೊತೆಗೆ ನನ್ನ ಹೊಟ್ಟೆಯೂ. ಹಳೆಯ ಕಲ್ಲು ಬೆಟ್ಟವನ್ನು ಊರಿಗೆ ತರುತ್ತಿದ್ದರೆ ಇದು ಊರನ್ನೇ ಮೈಮೇಲೆ ಹೊತ್ತುಕೊಳ್ಳುತ್ತದೆ, ಆದರೆ ಅದು ಬೆಟ್ಟವಾಗುವುದು ಸುಕ್ಕಿದ್ದಲ್ಲಿ ಮಾತ್ರ.

ಮಳೆ ಹಿಡಿದ ಮೇಲೆ ಹಿಂಬದಿಯ ಬೆಸುಗೆಯಲ್ಲಿ ಕೆಂಪು ಕಲೆ ಮೂಡಿತು. ಕಬ್ಬಿಣದ ಬ್ರಶ್ಶಿನಿಂದ ಉಜ್ಜಿದ್ದೇ ಕಾರಣವೆಂದು ಮಿಸ್ತ್ರಿ ಒಪ್ಪಿಕೊಂಡು, ಮನೆಗೇ ಬಂದು, ದುಡ್ಡು ತೆಗೆದುಕೊಳ್ಳದೆ ಸ್ವಚ್ಛ ಮಾಡಿಕೊಟ್ಟರು. ಎರಡನೆಯ ಬಂಡೆಯನ್ನೂ ಅವರಲ್ಲೇ ಮಾಡಿಸುತ್ತೇನೆ. ಬಫಿಂಗಿನ ದಿನ ಮಾತ್ರ ಮಷೀನಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಾನೇ ಕೂರುವವನಿದ್ದೇನೆ.