ಪಿಎಸ್‌ಎ ಗ್ರೇಡಿಂಗ್ ಸೇವೆ: ಕೊಟ್ಟ ಅಂಕಕ್ಕೆ ಹೊಣೆ ಯಾರು?

ಆಟಗಾರರ ಚಿತ್ರವಿರುವ ಕಾರ್ಡುಗಳು ಅಸಲಿಯೇ ಎಂದು ಪರೀಕ್ಷಿಸಿ, ಅವುಗಳ ಸ್ಥಿತಿಗೆ ಒಂದರಿಂದ ಹತ್ತರವರೆಗೆ ಅಂಕ ನೀಡಿ, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಮುದ್ರೆಯೊತ್ತಿ ಕೊಡುವುದು ಅಮೆರಿಕದ ಪಿಎಸ್‌ಎ ಸಂಸ್ಥೆಯ ಕೆಲಸ. ಅಪರೂಪದ ಕಾರ್ಡಿನಲ್ಲಿ ಒಂದಂಕ ಹೆಚ್ಚಾದರೆ ಬೆಲೆ ಹಲವು ಪಟ್ಟು ಏರುವುದರಿಂದ, ಅಂಕ ತಪ್ಪಿದಾಗ ಸಂಸ್ಥೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಈ ಸೇವೆಯ ನಿಜವಾದ ಪರೀಕ್ಷೆ.

ಆ ಪರೀಕ್ಷೆ ಮೊದಲ ಕಾರ್ಡಿನಿಂದಲೇ ಶುರುವಾಯಿತು. 1991ರಲ್ಲಿ ಪಿಎಸ್‌ಎ ಮೊಟ್ಟಮೊದಲು ಅಂಕ ನೀಡಿದ್ದು, ತಂಬಾಕು ಕಂಪನಿಯೊಂದು 1909ರಿಂದ 1911ರ ಅವಧಿಯಲ್ಲಿ ಹೊರತಂದ ಮಾಲೆಯ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿಗೆ. ಅದಕ್ಕೆ ಎಂಟು ಅಂಕ ಸಿಕ್ಕಿತು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ ಒಮ್ಮೆ ಅದರ ಒಡೆಯನಾಗಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೊ, ವಂಚನೆಯ ಮೊಕದ್ದಮೆಯಲ್ಲಿ 2013ರಲ್ಲಿ ತಪ್ಪೊಪ್ಪಿಕೊಂಡಾಗ, ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ಹೇಳಿದ. ಅಂಚು ಕತ್ತರಿಸಿದ ಕಾರ್ಡಿಗೆ ಅಂಕವೇ ಸಲ್ಲದೆಂಬುದು ಪಿಎಸ್‌ಎಯ ಸ್ವಂತ ನಿಯಮ. ಇಷ್ಟು ವರ್ಷಗಳ ಬಳಿಕ ಸತ್ಯ ಹೊರಬೀಳಲು ನ್ಯಾಯಾಲಯವೇ ಬೇಕಾಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಸೇವೆಯಲ್ಲಿ ಮೆಚ್ಚಬೇಕಾದ್ದೂ ಇದೆ. ಪ್ರತಿ ಕವಚದ ಮೇಲಿನ ಸಂಖ್ಯೆಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ತಾಳೆ ನೋಡಬಹುದು. ಹೆಚ್ಚು ಅಂಕ ಕೊಟ್ಟದ್ದು ಸಾಬೀತಾದರೆ ನಷ್ಟ ತುಂಬಿಕೊಡುವ ಭರವಸೆಯೂ ಇದೆ. ತೊಡಕೆಂದರೆ, ಹಾಗೆ ಸಾಬೀತಾಯಿತೇ ಎಂದು ತೀರ್ಮಾನಿಸುವುದೂ ಪಿಎಸ್‌ಎಯೇ. ಕಾರ್ಡಿನ ಮೌಲ್ಯ ಏರಿದಂತೆ ಶುಲ್ಕವೂ ಏರುತ್ತದೆ. ಹೀಗಾಗಿ ಹೆಚ್ಚು ಅಂಕದಿಂದ ಸಂಸ್ಥೆಗೂ ಲಾಭವಾಗುವ ವ್ಯವಸ್ಥೆ ಇದು. ಅಂಕ ಕೊಟ್ಟವರ ಹೆಸರು ಕವಚದ ಚೀಟಿಯಲ್ಲಿ ಇರುವುದಿಲ್ಲ. ಇಂಥದೇ ಇನ್ನೊಂದು ಗ್ರೇಡಿಂಗ್ ಸಂಸ್ಥೆಯಾದ ಬೆಕೆಟ್, ಚಿತ್ರದ ಮಧ್ಯಸ್ಥಾನ, ಮೂಲೆ, ಅಂಚು, ಮೇಲ್ಮೈ ಎಂದು ನಾಲ್ಕು ಬಿಡಿ ಅಂಕಗಳನ್ನು ಕೊಡುವ ಪದ್ಧತಿಯನ್ನು ರೂಢಿಸಿದ್ದರಿಂದ ಅಲ್ಲಿ ಕೊರತೆ ಎಲ್ಲಿದೆಯೆಂಬುದಾದರೂ ತಿಳಿಯುತ್ತದೆ. ಪಿಎಸ್‌ಎ ಒಂದೇ ಅಂಕ ಕೊಡುತ್ತದೆ.

ಆಟಗಾರರ ಸಹಿಗಳ ವಿಷಯದಲ್ಲಿ ಇದಕ್ಕಿಂತ ಉತ್ತಮ ದಾರಿಯಿದೆ. ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ತನಿಖೆಯಲ್ಲಿ ನಕಲಿ ಸಹಿಗಳ ಜಾಲವನ್ನು ಭೇದಿಸಿದ ಬಳಿಕ, ಅಲ್ಲಿನ ವೃತ್ತಿಪರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ತನ್ನದೇ ದೃಢೀಕರಣ ವ್ಯವಸ್ಥೆಯನ್ನು ಆರಂಭಿಸಿತು. ಅದರ ಪ್ರತಿನಿಧಿ ಕಣ್ಣಾರೆ ನೋಡದ ಚೆಂಡಿಗಾಗಲಿ ಸಹಿಗಾಗಲಿ ಹೊಲೋಗ್ರಾಮ್ ಚೀಟಿ ಅಂಟುವುದಿಲ್ಲ. ಅದಕ್ಕಿಂತ ಹಿಂದಿನ ವಸ್ತುಗಳಿಗೆ ಈ ರಕ್ಷಣೆಯಿಲ್ಲ. ಹಳೆಯ ಕಾರ್ಡುಗಳಿಗೆ ಗ್ರೇಡಿಂಗ್ ಸಂಸ್ಥೆಗಳೇ ಗತಿ. ಆದ್ದರಿಂದಲೇ ಪಿಎಸ್‌ಎ ಪ್ರತಿ ಅಂಕಕ್ಕೂ ಕಾರಣವನ್ನು ಬರೆದುಕೊಡಬೇಕು, ಭರವಸೆಯ ತಕರಾರುಗಳ ತೀರ್ಪನ್ನು ಹೊರಗಿನವರಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಈ ಸೇವೆಗೆ ಐದರಲ್ಲಿ ಮೂರಕ್ಕಿಂತ ಹೆಚ್ಚು ಅಂಕವನ್ನು ನಾನು ಕೊಡಲಾರೆ.