ಗಡಿ ತಗಾದೆಗೆ ಮುನ್ಸಿಫ್ ಕೋರ್ಟಾ, ಲೋಕ ಅದಾಲತ್ತಾ?

ಅಡಿಕೆ ತೋಟದ ಗಡಿ ತಗಾದೆ, ಎಲ್ಲಿಗೆ ಹೋಗಲಿ ಅಂತ ಕೇರಳದ ಮಂಜೇಶ್ವರದ ಕಡೆಯವರೊಬ್ಬರು ಕೇಳಿದ್ದಾರೆ.

ಮೊದಲು ನೋಡಬೇಕಾದ್ದು ನ್ಯಾಯಾಧೀಶರ ಪಾತ್ರ. ಮುನ್ಸಿಫ್ ಕೋರ್ಟಿನಲ್ಲಿ, ಅಂದರೆ ಕೆಳಹಂತದ ಸಿವಿಲ್ ಕೋರ್ಟಿನಲ್ಲಿ, ಅವರು ಸಾಕ್ಷಿ ಕೇಳಿ, ದಾಖಲೆ ನೋಡಿ ತೀರ್ಪು ಕೊಡುತ್ತಾರೆ. ಸೋತವರು ಒಪ್ಪದಿದ್ದರೆ ಅಪೀಲು ಹೋಗಬಹುದು. ರಾಜಿಯಿಂದ ತಗಾದೆ ಮುಗಿಸುವ ಲೋಕ ಅದಾಲತ್‌ನಲ್ಲಿ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರೇ ಕೂತರೂ ತೀರ್ಪು ಹೇರುವಂತಿಲ್ಲ. ಇಬ್ಬರೂ ಒಪ್ಪಿದರಷ್ಟೇ ಇತ್ಯರ್ಥ.

ಅದಾಲತ್‌ಗೆ ಫೀಸಿಲ್ಲ. ಕೋರ್ಟಿನಲ್ಲಿರುವ ಕೇಸು ಅಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀ ವಾಪಸು. ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಲ್ಲಿನ ಅವಾರ್ಡಿಗೆ, ಅಂದರೆ ರಾಜಿಯ ಆದೇಶಕ್ಕೆ, ಅಪೀಲಿಲ್ಲ. ಹಾಗಾಗಿ ಸಹಿಗೆ ಮೊದಲು ರಾಜಿಯ ಕಾಗದದಲ್ಲಿ ಸರ್ವೆ ನಂಬರು, ಗಡಿಕಲ್ಲಿನ ಜಾಗ, ಅಳತೆ ಎಲ್ಲ ಬರೆದಿದೆಯಾ ನೋಡಿ. ಕಾಗದ ಮಲಯಾಳದಲ್ಲಿದ್ದರೆ ಕನ್ನಡದಲ್ಲಿ ಓದಿಸಿಕೊಳ್ಳದೆ ಸಹಿ ಹಾಕಲೇಬೇಡಿ. ಕೇಳಲು ಸಂಕೋಚ ಯಾಕೆ? ಜಾಗ ನಿಮ್ಮದು ಅಲ್ವಾ.

ನೆರೆಯವರು ಮಾತಿಗೆ ಬರುವವರಾದರೆ ಅದಾಲತ್ ಸಾಕು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ನಾಳೆಯೇ ಜೆಸಿಬಿ ತಂದು ಗಡಿಯ ಅಗಳು (ಕಂದಕ) ಮುಚ್ಚುತ್ತಾರೆ ಅನ್ನಿಸಿದರೆ ಸುಮ್ನೆ ಕಾಯಬೇಡಿ. ವಕೀಲರನ್ನು ಹಿಡಿದು ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ. ಅದು ಸಿಕ್ಕ ಮೇಲೂ ಕೇಸನ್ನು ಅದಾಲತ್‌ಗೆ ಕಳಿಸಲು ಬರುತ್ತದೆ.